ಕಂಪನಿ ಕೈ ಬದಲಾಯಿತು, ನನ್ನ ಷೇರಿನ ಗತಿ ಏನು?

"ಮೇಡಂ, ನನ್ನ ಷೇರು ಕಳುವಾಗಿದೆ."

ಷೇರು ರಿಜಿಸ್ಟ್ರಾರ್ ಕಚೇರಿಯಲ್ಲಿ 11 ವರ್ಷ ಫೋನ್ ಎತ್ತಿದ್ದೇನೆ. ಯಾವ ಕಂಪನಿಯ ಷೇರು ಯಾರ ಹತ್ತಿರ ಎಷ್ಟಿದೆ ಅಂತ ಕಂಪನಿಗಳ ಪರವಾಗಿ ಲೆಕ್ಕ ಇಡುವ ಕಚೇರಿ ಅದು. ಕಳುವಿನ ಈ ದೂರು ತಿಂಗಳಿಗೊಮ್ಮೆಯಾದರೂ ಬರುತ್ತಿತ್ತು. ನಿನ್ನೆ ರಾತ್ರಿವರೆಗೆ ಖಾತೆಯಲ್ಲಿ 300 ಷೇರು ಇತ್ತು, ಬೆಳಗ್ಗೆ ನೋಡಿದರೆ ಸೊನ್ನೆ. ಗಾಬರಿಯಾಗದೆ ಇರುತ್ತಾ? ವಿಚಾರಿಸಿದರೆ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿರುತ್ತಿತ್ತು. ಹಳೇ ಷೇರು ರದ್ದಾಗಿ, ಅದರ ಬದಲಿಗೆ ಬರಬೇಕಾದ್ದು ಇನ್ನೂ ದಾರಿಯಲ್ಲಿರುತ್ತಿತ್ತು.

ಅವರು ಸ್ವಲ್ಪ ಸಮಾಧಾನವಾದ ಮೇಲೆ ನಾನು ಕೇಳುತ್ತಿದ್ದದ್ದು ಒಂದೇ. "ನಿಮಗೆ ಈ ಬಗ್ಗೆ ಒಂದು ಕಾಗದವೋ ಇಮೇಲೋ ಬಂದಿತ್ತಲ್ವಾ, ಓದಿದ್ರಾ?" ಹೆಚ್ಚಿನವರು ಓದಿರುತ್ತಿರಲಿಲ್ಲ. ಅವರನ್ನು ದೂರುವ ಯೋಗ್ಯತೆ ನನಗೂ ಇರಲಿಲ್ಲ, ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ಕಾಗದ ಕೆಲವೊಮ್ಮೆ 200 ಪುಟ ಇರುತ್ತದೆ. ಪೂರ್ತಿ ಓದಬೇಕಾಗಿಲ್ಲ. ಮೊದಲ ಕೆಲವು ಪುಟಗಳಲ್ಲಿ ಎರಡು ಉತ್ತರ ಹುಡುಕಿ: ಒಂದು ಷೇರಿಗೆ ನನಗೆ ಏನು ಸಿಗುತ್ತದೆ? ನಾನು ಸುಮ್ಮನೆ ಕೂತರೆ ಏನಾಗುತ್ತದೆ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ದುಡ್ಡು ಕಳೆದುಕೊಳ್ಳುವವರು ಎರಡನೆಯದನ್ನು ಕೇಳದವರು.

ಕೊಳ್ಳುತ್ತಿರುವುದು ಏನನ್ನು?

ಇದನ್ನು ಮೊದಲು ಖಚಿತ ಮಾಡಿಕೊಳ್ಳಿ. "ಕಂಪನಿ ಮಾರಾಟ" ಅಂತ ಸುದ್ದಿ ಬಂದ ಕೂಡಲೇ ನಿಮ್ಮ ಷೇರು ಮಾರಾಟವಾಯಿತು ಅಂತ ಅಲ್ಲ.

ನಿಮ್ಮ ಹತ್ತಿರ ಇರುವುದು ಕೊಳ್ಳುವ ಕಂಪನಿಯ ಷೇರಾದರೆ, ಖಾತೆಯಲ್ಲಿ ಏನೂ ಬದಲಾಗುವುದಿಲ್ಲ. 100 ಇದ್ದದ್ದು 100 ಇರುತ್ತದೆ. ಆದರೆ ಆ ಕಂಪನಿ ಹೊಸ ಷೇರು ಅಚ್ಚು ಹಾಕಿ ಬೆಲೆ ತೆರುತ್ತಿದ್ದರೆ ಒಟ್ಟು ಕಂಪನಿಯಲ್ಲಿ ನಿಮ್ಮ ಪಾಲು ತೆಳುವಾಗುತ್ತದೆ. ಸಾಲ ಮಾಡಿ ಕೊಳ್ಳುತ್ತಿದ್ದರೆ ಆ ಸಾಲ ಇನ್ನು ನಿಮ್ಮ ಕಂಪನಿಯ ಮೇಲೆ.

ಇನ್ನು, ಕಂಪನಿಯನ್ನು ಬಿಟ್ಟು ಅದರ ವ್ಯವಹಾರವನ್ನು ಮಾತ್ರ ಕೊಳ್ಳುವುದೂ ಉಂಟು. 2017ರಲ್ಲಿ ಯಾಹೂವಿನ ಇಂಟರ್‌ನೆಟ್ ವ್ಯವಹಾರವನ್ನು ವೆರಿಝಾನ್ ಸುಮಾರು 4.48 ಬಿಲಿಯನ್ ಡಾಲರ್‌ಗೆ ಕೊಂಡಿತು. ಎಲ್ಲ ಕಡೆ "ಯಾಹೂ ಮಾರಾಟವಾಯಿತು" ಅಂತಲೇ ಸುದ್ದಿ. ಯಾಹೂ ಷೇರುದಾರರ ಷೇರು ಮಾತ್ರ ಇದ್ದಲ್ಲೇ ಇತ್ತು. ದುಡ್ಡು ಹೋದದ್ದು ಕಂಪನಿಯ ಖಜಾನೆಗೆ. ಉಳಿದ ಕಂಪನಿ ಆಲ್ಟಾಬಾ ಅಂತ ಹೆಸರು ಬದಲಿಸಿಕೊಂಡಿತು. ಅಲಿಬಾಬಾ ಕಂಪನಿಯಲ್ಲಿದ್ದ ದೊಡ್ಡ ಪಾಲೇ ಅದರ ಮುಖ್ಯ ಆಸ್ತಿ. ಆಮೇಲೆ ಅದು ತನ್ನ ಬಾಗಿಲು ತಾನೇ ಹಾಕಿಕೊಂಡು ಷೇರುದಾರರಿಗೆ ಹಣ ಹಂಚಿತು.

ಇದೇ ತರಹದ ಕಹಿ ಉದಾಹರಣೆಯೂ ಇದೆ. 2023ರ ಮೇ 1ರಂದು ಅಮೆರಿಕದ ಫಸ್ಟ್ ರಿಪಬ್ಲಿಕ್ ಬ್ಯಾಂಕನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು ಜೆಪಿ ಮಾರ್ಗನ್‌ಗೆ ಮಾರಿತು. ಠೇವಣಿದಾರರು ಬಚಾವಾದರು. ಷೇರುದಾರರ ಕೈಗೆ ಏನೂ ಬರಲಿಲ್ಲ. ಮುಳುಗುವ ಕಂಪನಿಯ ವ್ಯವಹಾರ ಮಾರಾಟವಾದಾಗ ಸಾಲ ಕೊಟ್ಟವರ ಸಾಲು ಮುಗಿದ ಮೇಲೆ ಷೇರುದಾರರ ಸರದಿ. ಅಷ್ಟು ಹೊತ್ತಿಗೆ ಪಾತ್ರೆ ಬರಿದಾಗಿರುತ್ತದೆ.

ಎಲ್ಲರನ್ನೂ ಕರೆದೊಯ್ಯುತ್ತಾರಾ, ಒಬ್ಬೊಬ್ಬರನ್ನೇ ಕೇಳುತ್ತಾರಾ?

ನನ್ನ ಪ್ರಕಾರ ಇಡೀ ವಿಷಯದ ಮರ್ಮ ಇಲ್ಲಿದೆ.

ವಿಲೀನ ಅಂದರೆ ಬಸ್ಸು ಇದ್ದ ಹಾಗೆ. ಷೇರುದಾರರ ಸಭೆ ಕರೆಯುತ್ತಾರೆ, ಮತ ಹಾಕಿಸುತ್ತಾರೆ. ಎಷ್ಟು ಬಹುಮತ ಬೇಕು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಡೆಲವೇರ್ ರಾಜ್ಯದ ಕಾನೂನಿನಲ್ಲಿ ಸಾಮಾನ್ಯವಾಗಿ ಒಟ್ಟು ಷೇರುಗಳ ಅರ್ಧಕ್ಕಿಂತ ಜಾಸ್ತಿ ಸಾಕು. ಭಾರತ, ಬ್ರಿಟನ್‌ಗಳ ಸ್ಕೀಮ್ ಪದ್ಧತಿಯಲ್ಲಿ ಮತ ಹಾಕಿದವರ ಷೇರು ಮೌಲ್ಯದಲ್ಲಿ ಮುಕ್ಕಾಲು ಭಾಗ ಒಪ್ಪಬೇಕು, ಆಮೇಲೆ ನ್ಯಾಯಾಲಯ ಅಥವಾ ನ್ಯಾಯಮಂಡಳಿಯ ಮುದ್ರೆ ಬೀಳಬೇಕು. ಮುದ್ರೆ ಬಿತ್ತು ಅಂದರೆ ಬಸ್ಸು ಹೊರಟಿತು. ಬೇಡ ಅಂದವರೂ ಒಳಗೆ, ನಿದ್ದೆ ಮಾಡುತ್ತಿದ್ದವರೂ ಒಳಗೆ. ನೀವು ಏನೂ ಮಾಡದಿದ್ದರೂ ಎಲ್ಲರಿಗೆ ಸಿಕ್ಕಿದ್ದೇ ನಿಮಗೂ ಸಿಗುತ್ತದೆ.

ಟೆಂಡರ್ ಅಥವಾ ಓಪನ್ ಆಫರ್ ಹಾಗಲ್ಲ. ಕೊಳ್ಳುವವರು ಒಬ್ಬೊಬ್ಬ ಷೇರುದಾರರನ್ನೂ ಕೇಳುತ್ತಾರೆ: ಈ ಬೆಲೆಗೆ, ಈ ತಾರೀಕಿನೊಳಗೆ ನಿಮ್ಮ ಷೇರು ಕೊಡ್ತೀರಾ? ಮಾತಾಡದಿದ್ದರೆ "ಇಲ್ಲ" ಅಂತಲೇ ಲೆಕ್ಕ. ಭಾರತದ ಷೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆದ ಕಂಪನಿಯೊಂದರಲ್ಲಿ ಯಾರಾದರೂ 25% ಮತದ ಹಕ್ಕು ಮುಟ್ಟಿದರೆ, ಉಳಿದವರಿಂದ ಕನಿಷ್ಠ 26% ಷೇರು ಕೊಳ್ಳಲು ಆಫರ್ ಕೊಡಲೇಬೇಕು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮ. ಬ್ರಿಟನ್‌ನಲ್ಲಿ ಆ ಗೆರೆ 30%, ಅಲ್ಲಿ ಉಳಿದ ಎಲ್ಲರ ಷೇರಿಗೂ ಆಫರ್ ಕೊಡಬೇಕು. ವ್ಯತ್ಯಾಸ ಗಮನಿಸಿ. ಆಫರ್ ಇರುವುದು 26%ಗೆ ಮಾತ್ರ ಆಗಿದ್ದು, ಅದಕ್ಕಿಂತ ಜಾಸ್ತಿ ಜನ ಕೊಡಲು ಬಂದರೆ, ಪ್ರತಿಯೊಬ್ಬರಿಂದಲೂ ಒಂದಿಷ್ಟು ಭಾಗ ಮಾತ್ರ ತೆಗೆದುಕೊಂಡು ಉಳಿದದ್ದು ವಾಪಸ್ ಮಾಡುತ್ತಾರೆ. "ನಾನು 100 ಕೊಟ್ಟೆ, 43 ಮಾತ್ರ ತಗೊಂಡಿದ್ದಾರೆ, 57 ಯಾಕೆ ವಾಪಸ್ ಬಂತು?" ಅನ್ನುವ ಫೋನ್‌ಗಳು ಇಂಥ ವಾರದಲ್ಲಿ ಬರುತ್ತಿದ್ದವು.

ಈಗ ನನ್ನ ಕತೆ. ಕೆಲಸಕ್ಕೆ ಸೇರಿ ಮೂರನೇ ವರ್ಷ. ನನ್ನ ಹತ್ತಿರ ಒಂದು ಚಿಕ್ಕ ಕಂಪನಿಯ 60 ಷೇರು ಇತ್ತು. ಅದಕ್ಕೊಂದು ಆಫರ್ ಬಂತು, ಮಾರುಕಟ್ಟೆ ಬೆಲೆಗಿಂತ ಕಾಲು ಭಾಗ ಜಾಸ್ತಿ. ದಿನವಿಡೀ ಬೇರೆಯವರ ಆಫರ್ ಅರ್ಜಿ ನೋಡುತ್ತಿದ್ದವಳು ನನ್ನದನ್ನು "ನಾಳೆ ಮಾಡಿದರಾಯಿತು" ಅಂತ ಬಿಟ್ಟೆ. ಕೊನೆಯ ದಿನ ಶುಕ್ರವಾರ. ಗುರುವಾರ ಸಂಜೆ ಬ್ರೋಕರ್ ಖಾತೆಗೆ ಹೋಗಿ ನೋಡಿದರೆ ಆಯ್ಕೆಯೇ ಇಲ್ಲ. ಬ್ರೋಕರ್ ಬುಧವಾರ ಸಂಜೆಗೇ ಅರ್ಜಿ ನಿಲ್ಲಿಸಿದ್ದ. ಅವನಿಗೆ ತನ್ನ ಕಡೆಯ ಕಾಗದಪತ್ರಕ್ಕೆ ಸಮಯ ಬೇಕಲ್ಲ. ಆಫರ್ ಮುಗಿದ ಮೇಲೆ ಷೇರು ಹಳೇ ಬೆಲೆಗೆ ಇಳಿಯಿತು. ದೊಡ್ಡ ಪಾಲು ಒಬ್ಬರ ಕೈ ಸೇರಿದ್ದರಿಂದ ದಿನಕ್ಕೆ ಹತ್ತೋ ಇಪ್ಪತ್ತೋ ಷೇರು ಕೈ ಬದಲಾಗುತ್ತಿತ್ತು. ಕೆಲವು ವರ್ಷದ ನಂತರ ಆ ಕಂಪನಿ ಮಾರುಕಟ್ಟೆಯಿಂದಲೇ ಹೊರಬಿತ್ತು, ಡೀಲಿಸ್ಟ್ ಅನ್ನುತ್ತಾರೆ. ಆಗ ಸಿಕ್ಕ ಬೆಲೆ ಮೊದಲ ಆಫರ್‌ಗಿಂತ ಕಮ್ಮಿ.

ಹಾಗಾಗಿ, ಕಾಗದದಲ್ಲಿರುವ ಕೊನೆಯ ದಿನಾಂಕ ನಿಮ್ಮ ಕೊನೆಯ ದಿನಾಂಕ ಅಂದುಕೊಳ್ಳಬೇಡಿ. ನಿಮ್ಮ ಬ್ರೋಕರ್‌ನ ದಿನಾಂಕ ಕೇಳಿ. ಒಂದೆರಡು ದಿನ ಮೊದಲೇ ಇರುವುದು ಮಾಮೂಲು.

ಆಫರ್ ಬೇಡ ಅಂತ ಗಟ್ಟಿಯಾಗಿ ಕೂತವರಿಗೂ ಒಂದು ಮಿತಿ ಇದೆ. ಕೊಳ್ಳುವವರ ಕೈಗೆ ಬಹುಪಾಲು ಷೇರು ಬಂದುಬಿಟ್ಟರೆ ಉಳಿದವರಿಂದ ಕಡ್ಡಾಯವಾಗಿ ಕೊಳ್ಳುವ ಅವಕಾಶ ಹಲವು ದೇಶಗಳ ಕಾನೂನಿನಲ್ಲಿದೆ. ಬ್ರಿಟನ್‌ನಲ್ಲಿ ಆಫರ್ ಕೊಟ್ಟ ಷೇರುಗಳ 90% ಬಂದರೆ ಸಾಕು. ಜರ್ಮನಿಯ ಸಾಮಾನ್ಯ ನಿಯಮದಲ್ಲಿ 95% ಇರಬೇಕು. ಅದಕ್ಕಿಂತ ಕೆಳಗೆ ನಿಂತರೆ ನೀವು ಷೇರುದಾರರಾಗಿಯೇ ಉಳಿಯುತ್ತೀರಿ, ಆದರೆ ನಿಮ್ಮ ಷೇರು ಕೊಳ್ಳುವವರು ಸಿಗುವುದು ಕಷ್ಟ.

ನಗದು ಕೊಡುತ್ತೇವೆ ಅಂದರೆ

ಸುಲಭದ ಬಗೆ ಇದು. ಷೇರಿಗೆ ಇಷ್ಟು ಅಂತ ಹಣ, ಷೇರು ರದ್ದು, ಕತೆ ಮುಗಿಯಿತು. 2016ರಲ್ಲಿ ಮೈಕ್ರೋಸಾಫ್ಟ್ ಲಿಂಕ್ಡ್‌ಇನ್ ಕೊಂಡಾಗ ಷೇರಿಗೆ 196 ಡಾಲರ್. 2022ರಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡಾಗ 54.20 ಡಾಲರ್. ನೀವು ಆ ಷೇರನ್ನು 20ಕ್ಕೆ ಕೊಂಡಿರಿ, 70ಕ್ಕೆ ಕೊಂಡಿರಿ, ಕೈಗೆ ಬರುವುದು ಅಷ್ಟೇ. "ನಾನು ನಷ್ಟದಲ್ಲಿದ್ದೇನೆ, ಏರುವವರೆಗೆ ಕಾಯ್ತೀನಿ" ಅನ್ನುವ ಅವಕಾಶ ಇರುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸುದ್ದಿ ಬಂದ ದಿನ ಷೇರು ಬೆಲೆ ಜಿಗಿಯುತ್ತದೆ, ಆದರೆ ಆಫರ್ ಬೆಲೆಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತದೆ. 100 ಕೊಡುತ್ತೇವೆ ಅಂದಿದ್ದಾರೆ, ಮಾರುಕಟ್ಟೆಯಲ್ಲಿ 95 ಇದೆ. ಈ 5 ಯಾಕೆ ಬಿಟ್ಟಿದ್ದಾರೆ? ಸುಮ್ನೆ ಅಲ್ಲ. ಹಣ ಬರಲು ತಿಂಗಳುಗಟ್ಟಲೆ ಆಗುತ್ತದೆ, ಮತ್ತು ಡೀಲ್ ಮುರಿದುಬೀಳಬಹುದು.

ಒಂದು ಚೀಟಿಯ ಹಿಂದೆ ಲೆಕ್ಕ ಹಾಕಿ ನೋಡಿ. ಸುದ್ದಿಗೆ ಮೊದಲು ಬೆಲೆ 70 ಇತ್ತು ಅಂದುಕೊಳ್ಳಿ. ಕಾದರೆ, ಡೀಲ್ ಕೂಡಿಬಂದರೆ 5 ಲಾಭ. ಮುರಿದರೆ ಬೆಲೆ ಮತ್ತೆ 70ರ ಕಡೆಗೆ ಹೋಗುತ್ತದೆ, 25 ನಷ್ಟ. ಅಂದರೆ ಇಂಥ ಆರು ಡೀಲ್‌ಗಳಲ್ಲಿ ಐದು ಕೂಡಿಬಂದು ಒಂದು ಮುರಿದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕೊನೆಯ 5ಕ್ಕಾಗಿ ಕಾಯುವುದು ನಿಮಗೆ ಬಿಟ್ಟದ್ದು. ನಾನಾದರೆ ಹೆಚ್ಚಿನ ಸಲ ಮಾರಿ ಎದ್ದು ಬರುತ್ತೇನೆ. ಆ 5ಕ್ಕಾಗಿಯೇ ದಿನವಿಡೀ ಕೂತು ಕಾನೂನು ಕಡತ ಓದುವ ಫಂಡ್‌ಗಳಿವೆ. ಅವರ ಜೊತೆ ನಾನು ಯಾಕೆ ಪಂದ್ಯ ಕಟ್ಟಲಿ?

ಎರಡು ಕಡೆಯ ಉದಾಹರಣೆಯೂ ಇದೆ. ಮೈಕ್ರೋಸಾಫ್ಟ್ 2022ರ ಜನವರಿ 18ರಂದು ಆಕ್ಟಿವಿಷನ್ ಬ್ಲಿಝಾರ್ಡ್ ಷೇರಿಗೆ 95 ಡಾಲರ್ ಕೊಡುವುದಾಗಿ ಹೇಳಿತು. ಅಮೆರಿಕದ ನಿಯಂತ್ರಕರು ಕೋರ್ಟಿಗೆ ಹೋದರು, ಬ್ರಿಟನ್‌ನವರು ಮೊದಲು ತಡೆದರು. ಕೊನೆಗೆ 2023ರ ಅಕ್ಟೋಬರ್ 13ರಂದು ಡೀಲ್ ಮುಗಿಯಿತು. ಸುಮಾರು 21 ತಿಂಗಳು. ಕಾದವರಿಗೆ 95 ಸಿಕ್ಕಿತು. ಟ್ವಿಟರ್‌ನಲ್ಲಂತೂ ಮಸ್ಕ್ ಹಿಂದೆ ಸರಿಯುವುದಾಗಿ ಹೇಳಿದ ಜುಲೈ 2022ರಲ್ಲಿ ಬೆಲೆ 33 ಡಾಲರ್ ಹತ್ತಿರ ಬಿದ್ದಿತ್ತು, ಅಕ್ಟೋಬರ್‌ನಲ್ಲಿ ಪೂರ್ತಿ 54.20 ಬಂತು.

ಇನ್ನೊಂದು ಕಡೆ ಸ್ಪಿರಿಟ್ ಏರ್‌ಲೈನ್ಸ್. ಜೆಟ್‌ಬ್ಲೂ ಷೇರಿಗೆ 33.50 ಡಾಲರ್ ಅಂತ 2022ರಲ್ಲಿ ಒಪ್ಪಂದ ಮಾಡಿಕೊಂಡಿತು. 2024ರ ಜನವರಿ 16ರಂದು ಅಮೆರಿಕದ ನ್ಯಾಯಾಧೀಶರೊಬ್ಬರು ಅದನ್ನು ತಡೆದರು. ಸ್ಪಿರಿಟ್ ಷೇರು ಆ ಒಂದೇ ದಿನ ಹತ್ತಿರಹತ್ತಿರ ಅರ್ಧದಷ್ಟು ಕುಸಿಯಿತು. ಅದೇ ನವೆಂಬರ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೇಳಿತು. ಹಳೇ ಷೇರುಗಳು ಕೊನೆಗೆ ರದ್ದಾದವು.

ಡೀಲ್ ಮುಗಿದ ದಿನ ಷೇರಿನ ವಹಿವಾಟು ನಿಲ್ಲುತ್ತದೆ. ಹಣ ಕೆಲವು ದಿನದಲ್ಲಿ ತಾನಾಗಿ ಖಾತೆಗೆ ಬರುತ್ತದೆ. ಕಾಗದದ ಸರ್ಟಿಫಿಕೇಟ್ ಇಟ್ಟುಕೊಂಡವರು ಮಾತ್ರ ಅರ್ಜಿ ತುಂಬಿ, ಸರ್ಟಿಫಿಕೇಟ್ ಕಳಿಸಿದ ಮೇಲೆ ಹಣ. ಇದನ್ನು ಮರೆತು ವರ್ಷಗಟ್ಟಲೆ ಬಿಟ್ಟವರು ತುಂಬಾ ಜನ.

ಷೇರಿಗೆ ಷೇರು

ನನಗೆ ಅತಿ ಹೆಚ್ಚು ಫೋನ್ ಬಂದದ್ದು ಈ ಬಗೆಗೆ. ಹಣದ ಬದಲು ಕೊಳ್ಳುವ ಕಂಪನಿಯ ಷೇರು ಕೊಡುತ್ತಾರೆ, ಒಂದು ಅನುಪಾತದಲ್ಲಿ. 2023ರ ಜುಲೈನಲ್ಲಿ ಎಚ್‌ಡಿಎಫ್‌ಸಿ ಕಂಪನಿ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾದಾಗ, ಕಂಪನಿಯ ಪ್ರತಿ 25 ಷೇರಿಗೆ ಬ್ಯಾಂಕಿನ 42 ಷೇರು. 2024ರಲ್ಲಿ ಎಕ್ಸಾನ್ ಮೊಬಿಲ್ ಪಯೋನಿಯರ್ ಕೊಂಡಾಗ ಒಂದಕ್ಕೆ 2.3234. ಇಂಥ ಬಾಲ ಇರುವ ಸಂಖ್ಯೆ ಕಂಡು ಹೆದರಬೇಡಿ, ಗುಣಿಸಿದರೆ ಆಯಿತು.

25ಕ್ಕೆ 42ರ ಲೆಕ್ಕವನ್ನೇ ಹಿಡಿಯೋಣ. ನಿಮ್ಮ ಹತ್ತಿರ 137 ಷೇರು ಇದೆ. 137ನ್ನು 42ರಿಂದ ಗುಣಿಸಿ, 25ರಿಂದ ಭಾಗಿಸಿ. 230.16 ಬರುತ್ತದೆ. ಖಾತೆಗೆ 230 ಷೇರು ಬರುತ್ತದೆ. ಆ 0.16 ಎಲ್ಲಿ ಹೋಯಿತು? ಎಲ್ಲ ಷೇರುದಾರರ ಚೂರುಗಳನ್ನು ಒಟ್ಟು ಸೇರಿಸಿ ಮಾರುಕಟ್ಟೆಯಲ್ಲಿ ಮಾರುತ್ತಾರೆ, ನಿಮ್ಮ ಪಾಲಿನ ಹಣ ಬ್ಯಾಂಕಿಗೆ ಬರುತ್ತದೆ. ಒಂದೊಂದು ಕಡೆ ಪದ್ಧತಿ ಸ್ವಲ್ಪ ಬೇರೆ ಇರುತ್ತದೆ, ಆದರೆ ಸಾಮಾನ್ಯವಾಗಿ ಚೂರಿಗೆ ಹಣ. ಇದು ಸಣ್ಣ ಮೊತ್ತ, ಷೇರು ಬಂದು ವಾರಗಳಾದ ಮೇಲೆ ಬರುತ್ತದೆ. "ಗೊತ್ತಿಲ್ಲದ ಕಂಪನಿಯಿಂದ ಚಿಲ್ಲರೆ ಹಣ ಬಂದಿದೆ, ಮೋಸ ಇರಬಹುದಾ?" ಅಂತ ಫೋನ್ ಮಾಡಿದ ಒಬ್ಬ ಹಿರಿಯರನ್ನು ನಂಬಿಸಲು ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ಅವರ ಎಚ್ಚರಿಕೆ ನನಗೆ ಇಷ್ಟವಾಯಿತು ಅನ್ನುವುದು ಬೇರೆ ಮಾತು.

ಮೊದಲು ಹೇಳಿದ ಸೊನ್ನೆ ಕಾಣುವುದೂ ಇಲ್ಲೇ. ರೆಕಾರ್ಡ್ ಡೇಟ್ ಅಂತ ಒಂದು ದಿನ ಗೊತ್ತು ಮಾಡುತ್ತಾರೆ. ಆ ದಿನ ಯಾರ ಹೆಸರಲ್ಲಿ ಹಳೇ ಷೇರು ಇದೆಯೋ ಅವರಿಗೆ ಹೊಸದು. ಹಳೆಯದನ್ನು ತೆಗೆದು ಹೊಸದನ್ನು ಹಾಕುವ ನಡುವೆ ಕೆಲವು ದಿನ ಖಾಲಿ ಇರುತ್ತದೆ. ಆ ದಿನಗಳಲ್ಲಿ ನೀವು ಹಳೆಯದನ್ನೂ ಮಾರುವಂತಿಲ್ಲ, ಹೊಸದನ್ನೂ ಮಾರುವಂತಿಲ್ಲ. ಹತ್ತಿರದಲ್ಲೇ ಹಣದ ಅಗತ್ಯ ಇದ್ದರೆ ರೆಕಾರ್ಡ್ ಡೇಟ್‌ಗೆ ಮೊದಲೇ ಮಾರಿ. ಎರಡು ವಾರವಾದರೂ ಹೊಸ ಷೇರು ಬರದಿದ್ದರೆ ರಿಜಿಸ್ಟ್ರಾರ್‌ಗೆ ಬರೆಯಿರಿ. ಬ್ರೋಕರ್‌ನನ್ನು ಮಾತ್ರ ಹಿಡಿದು ಕೂರಬೇಡಿ, ಹೊಸ ಷೇರು ಹಂಚುವ ಕೆಲಸ ಅವನದಲ್ಲ.

ಖಾತೆ ತೋರಿಸುವ ಇನ್ನೊಂದು ಸುಳ್ಳು ಕೊಂಡ ಬೆಲೆಯದು. ಹೊಸ ಷೇರು ಬಂದಾಗ ಕೆಲವು ಆ್ಯಪ್‌ಗಳು ಕೊಂಡ ಬೆಲೆ ಸೊನ್ನೆ ಅಂತ ತೋರಿಸುತ್ತವೆ. ನೋಡಿದರೆ ಪೂರ್ತಿ ಲಾಭವೇ! ಸಾಮಾನ್ಯ ಲೆಕ್ಕ ಹೀಗೆ: 137 ಷೇರನ್ನು ತಲಾ 1000 ಕೊಟ್ಟು ಕೊಂಡಿದ್ದರೆ, ಯಾವ ದೇಶದ ಹಣವಾದರೂ ಸರಿ, ಒಟ್ಟು 1,37,000. ಆ ಮೊತ್ತವೇ ಹೊಸ 230.16 ಷೇರಿನ ಮೇಲೆ ಹರಡುತ್ತದೆ. ಒಂದಕ್ಕೆ ಸುಮಾರು 595. ಇದನ್ನು ಒಂದು ಕಡೆ ಬರೆದಿಡಿ. ಹತ್ತು ವರ್ಷದ ನಂತರ ಮಾರುವಾಗ ತೆರಿಗೆಯವರಿಗೆ ಇದೇ ಬೇಕು.

ಅನುಪಾತ ನಿಗದಿಯಾಗಿದ್ದರೆ ಬೆಲೆ ನಿಗದಿಯಾಗಿಲ್ಲ ಅನ್ನುವುದನ್ನು ನೆನಪಿಡಿ. 2000ದ ಜನವರಿಯಲ್ಲಿ ಎಒಎಲ್ ಮತ್ತು ಟೈಮ್ ವಾರ್ನರ್ ಒಂದಾಗುವ ಸುದ್ದಿ ಬಂತು. ಟೈಮ್ ವಾರ್ನರ್‌ನ ಒಂದು ಷೇರಿಗೆ ಹೊಸ ಕಂಪನಿಯ 1.5 ಷೇರು. ಡೀಲ್ ಮುಗಿದದ್ದು 2001ರ ಜನವರಿಯಲ್ಲಿ. ನಡುವೆ ಡಾಟ್‌ಕಾಮ್ ಗುಳ್ಳೆ ಒಡೆದು ಎಒಎಲ್ ಬೆಲೆ ಬಹಳ ಇಳಿದಿತ್ತು. 1.5 ಮಾತ್ರ 1.5 ಆಗಿಯೇ ಉಳಿದಿತ್ತು. ಆದ್ದರಿಂದ ಷೇರಿಗೆ ಷೇರು ಅಂದಾಗ ಕೇಳಬೇಕಾದ ಪ್ರಶ್ನೆ ತುಂಬಾ ಸರಳ: ಇವರು ನನ್ನ ಕೈಗೆ ಹಣವನ್ನೇ ಕೊಟ್ಟಿದ್ದರೆ, ನಾನು ಹೋಗಿ ಆ ಕೊಳ್ಳುವ ಕಂಪನಿಯ ಷೇರು ತರುತ್ತಿದ್ದೆನಾ? ಇಲ್ಲ ಅಂದರೆ ಬಂದ ಮೇಲೆ ಮಾರಿ, ಅಥವಾ ಮೊದಲೇ ಮಾರಿ.

ಆಯ್ಕೆ ಕೊಟ್ಟಾಗ, ಭರವಸೆ ಕೊಟ್ಟಾಗ

ಕೆಲವೊಮ್ಮೆ ಹಣ ಬೇಕಾ ಷೇರು ಬೇಕಾ ಅಂತ ಕೇಳುತ್ತಾರೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಕೊಂಡಾಗ ಷೇರಿಗೆ 142.50 ಡಾಲರ್, ಇಲ್ಲವೇ ಬ್ರಾಡ್‌ಕಾಮ್‌ನ 0.2520 ಷೇರು. ಆದರೆ ಒಟ್ಟಾರೆ ಅರ್ಧ ಹಣ, ಅರ್ಧ ಷೇರು ಇರಬೇಕು ಅಂತ ಕಟ್ಟು ಇತ್ತು. ಅಷ್ಟರಲ್ಲಿ ಬ್ರಾಡ್‌ಕಾಮ್ ಬೆಲೆ ಏರಿತ್ತು, ಬಹುಪಾಲು ಜನ ಷೇರನ್ನೇ ಕೇಳಿದರು. ಕೇಳಿದವರಿಗೆಲ್ಲ ಸುಮಾರು ಅರ್ಧಕ್ಕೆ ಷೇರು, ಉಳಿದದ್ದಕ್ಕೆ ಹಣ. ಇಂಥ ಕಾಗದದಲ್ಲಿ "ಆಯ್ಕೆ ತಿಳಿಸದವರಿಗೆ" ಅನ್ನುವ ಸಾಲನ್ನು ಹುಡುಕಿ ಗೆರೆ ಎಳೆಯಿರಿ. ಯಾವುದು ಕಮ್ಮಿ ಜನಕ್ಕೆ ಬೇಕಿರುತ್ತದೋ ಅದು ಸುಮ್ಮನಿದ್ದವರ ಪಾಲಿಗೆ ಬರುವುದು ಜಾಸ್ತಿ.

ಇನ್ನೊಂದು ಉಂಟು, ಮುಂದೆ ಇಂಥದ್ದು ಆದರೆ ಇನ್ನಷ್ಟು ಕೊಡುತ್ತೇವೆ ಅನ್ನುವ ಚೀಟಿ. ಔಷಧ ಕಂಪನಿಗಳಲ್ಲಿ ಇದು ಮಾಮೂಲು, ಸಿವಿಆರ್ ಅನ್ನುತ್ತಾರೆ. 2019ರಲ್ಲಿ ಬ್ರಿಸ್ಟಲ್ ಮೈಯರ್ಸ್ ಸೆಲ್ಜೀನ್ ಕೊಂಡಾಗ ಒಂದು ಷೇರಿಗೆ ತನ್ನ ಒಂದು ಷೇರು, 50 ಡಾಲರ್ ನಗದು ಮತ್ತು ಒಂದು ಸಿವಿಆರ್ ಕೊಟ್ಟಿತು. ಮೂರು ಔಷಧಕ್ಕೂ ಗೊತ್ತಾದ ದಿನದೊಳಗೆ ಅಮೆರಿಕದ ಅನುಮತಿ ಸಿಕ್ಕರೆ ಒಂದೊಂದು ಸಿವಿಆರ್‌ಗೆ 9 ಡಾಲರ್. ಎರಡಕ್ಕೆ ಸಿಕ್ಕಿತು. ಮೂರನೆಯದರ ಗಡುವು 2020ರ ಡಿಸೆಂಬರ್ 31. ಅನುಮತಿ ಬಂದದ್ದು 2021ರ ಫೆಬ್ರವರಿ 5ಕ್ಕೆ. ಬರೀ 36 ದಿನ ತಡ! 9 ಡಾಲರ್ ಸೊನ್ನೆಯಾಯಿತು, ವಿಷಯ ಕೋರ್ಟು ಹತ್ತಿತು. ಅಂದಿನಿಂದ ಡೀಲ್‌ನ ಬೆಲೆ ಕೂಡುವಾಗ ಸಿವಿಆರ್ ಅನ್ನು ನಾನು ಲಾಟರಿ ಟಿಕೆಟ್ ಅಂತಲೇ ಬರೆದುಕೊಳ್ಳುತ್ತೇನೆ. ಬಂದರೆ ಖುಷಿ.

ಬೆಲೆ ಕಮ್ಮಿ ಅನ್ನಿಸಿದರೆ

ವಿಲೀನದ ಬಸ್ಸಿನಿಂದ ಇಳಿಯಲು ಆಗುವುದಿಲ್ಲ ಅಂದೆ. ಆದರೆ ಟಿಕೆಟ್ ದರದ ಬಗ್ಗೆ ಜಗಳ ಮಾಡಬಹುದು. ಅಮೆರಿಕ ಮತ್ತು ಇನ್ನೂ ಕೆಲವು ಕಡೆ, ನ್ಯಾಯವಾದ ಬೆಲೆ ಎಷ್ಟು ಅಂತ ನಿರ್ಧರಿಸಲು ಕೋರ್ಟಿಗೆ ಹೋಗುವ ಹಕ್ಕು ಹಲವು ಬಗೆಯ ಡೀಲ್‌ಗಳಲ್ಲಿ ಷೇರುದಾರರಿಗೆ ಇದೆ. ಒಂದು ಕಟ್ಟುಪಾಡು: ಆ ಡೀಲ್‌ಗೆ ಹೌದು ಅಂತ ಮತ ಹಾಕಿರಬಾರದು.

ಈ ಕಟ್ಟುಪಾಡಿನ ಬೆಲೆ ಗೊತ್ತಾದದ್ದು ಡೆಲ್ ಪ್ರಕರಣದಲ್ಲಿ. 2013ರಲ್ಲಿ ಸ್ಥಾಪಕ ಮೈಕಲ್ ಡೆಲ್ ಮತ್ತು ಸಿಲ್ವರ್ ಲೇಕ್ ಅನ್ನುವ ಹೂಡಿಕೆ ಸಂಸ್ಥೆ ಸೇರಿ ಡೆಲ್ ಕಂಪನಿಯನ್ನು ಷೇರಿಗೆ 13.75 ಡಾಲರ್‌ನಂತೆ ಕೊಂಡರು. ಟಿ. ರೋ ಪ್ರೈಸ್ ಅನ್ನುವ ದೊಡ್ಡ ಫಂಡ್ ಸಂಸ್ಥೆ ಇದು ಕಮ್ಮಿ ಅಂತ ಬಹಿರಂಗವಾಗಿ ವಿರೋಧಿಸಿತು, ಕೋರ್ಟಿಗೂ ಹೋಯಿತು. 2016ರಲ್ಲಿ ಡೆಲವೇರ್ ನ್ಯಾಯಾಧೀಶರು ನ್ಯಾಯವಾದ ಬೆಲೆ 17.62 ಅಂದರು. ಆದರೆ ಟಿ. ರೋಗೆ ಅದು ದಕ್ಕಲಿಲ್ಲ. ಯಾಕೆಂದರೆ ಅವರ ಮತದಾನದ ಕಂಪ್ಯೂಟರ್ ವ್ಯವಸ್ಥೆ ತಾನಾಗಿಯೇ "ಹೌದು" ಅಂತ ಮತ ಕಳಿಸಿಬಿಟ್ಟಿತ್ತು! ಸಂಸ್ಥೆ ತನ್ನ ಗ್ರಾಹಕರಿಗೆ ಕೈಯಿಂದ 194 ಮಿಲಿಯನ್ ಡಾಲರ್ ತುಂಬಿಕೊಟ್ಟಿತು. ಮರುವರ್ಷ ಮೇಲಿನ ಕೋರ್ಟು ಆ 17.62ರ ತೀರ್ಪನ್ನೇ ತಳ್ಳಿಹಾಕಿದ್ದು ಇನ್ನೊಂದು ಕತೆ. ಕೋರ್ಟಿನ ದಾರಿ ಸಣ್ಣ ಷೇರುದಾರರಿಗೆ ದುಬಾರಿ, ನಾನು ಯಾರಿಗೂ ಸಲಹೆ ಕೊಟ್ಟಿಲ್ಲ. ಮತದ ಚೀಟಿಯಲ್ಲಿ ಮೊದಲೇ ಏನಾದರೂ ಗುರುತು ಹಾಕಿದೆಯಾ ಅಂತ ನೋಡಿ ಕಳಿಸಿ ಅಂತ ಮಾತ್ರ ಎಲ್ಲರಿಗೂ ಹೇಳುತ್ತಿದ್ದೆ.

ಕೆಲವೊಮ್ಮೆ ಗಲಾಟೆಯಿಂದಲೇ ಬೆಲೆ ಏರುತ್ತದೆ. 2008ರ ಮಾರ್ಚ್‌ನಲ್ಲಿ ಬೇರ್ ಸ್ಟರ್ನ್ಸ್ ಷೇರಿಗೆ ಜೆಪಿ ಮಾರ್ಗನ್ ಮೊದಲು ಹೇಳಿದ್ದು 2 ಡಾಲರ್ ಬೆಲೆಯ ಷೇರು, ಒಂದು ವಾರದಲ್ಲಿ ಅದು 10 ಆಯಿತು. ಆದರೆ ಮತ ಹಾಕುವ ಅವಕಾಶವೇ ಸಿಗದ ದಿನಗಳೂ ಇವೆ. 2023ರಲ್ಲಿ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಯುಬಿಎಸ್‌ಗೆ ಸೇರಿಸಿದಾಗ ಸ್ವಿಸ್ ಸರ್ಕಾರ ಷೇರುದಾರರ ಮತ ಕೇಳಲಿಲ್ಲ. 22.48 ಷೇರಿಗೆ ಯುಬಿಎಸ್‌ನ ಒಂದು.

ಉಳಿದ ಚಿಲ್ಲರೆ ವಿಷಯ

ತೆರಿಗೆ: ನಗದು ಬಂದರೆ ಬಹುತೇಕ ದೇಶಗಳಲ್ಲಿ ನೀವೇ ಮಾರಿದ ಹಾಗೆ ಲೆಕ್ಕ. ಷೇರಿಗೆ ಷೇರು ಬಂದರೆ, ನಿಯಮಕ್ಕೆ ಹೊಂದುವ ವಿಲೀನವಾದರೆ, ಸಾಮಾನ್ಯವಾಗಿ ಹೊಸದನ್ನು ಮಾರುವವರೆಗೆ ತೆರಿಗೆ ಮುಂದೆ ಹೋಗುತ್ತದೆ, ಹಳೇ ಷೇರು ಇಟ್ಟುಕೊಂಡ ಕಾಲವೂ ಸೇರುತ್ತದೆ. ನಿಮ್ಮ ಲೆಕ್ಕಿಗರನ್ನು ಒಮ್ಮೆ ಕೇಳಿ.

ಅದೇ ಕಂಪನಿಯಲ್ಲಿ ಕೆಲಸ ಮಾಡುವವರು, ಷೇರು ಆಯ್ಕೆ (ಗೊತ್ತಾದ ಬೆಲೆಗೆ ಮುಂದೆ ಕಂಪನಿಯ ಷೇರು ಕೊಳ್ಳುವ ಹಕ್ಕು) ಪಡೆದವರು: ಕೈಗೆ ಬಂದ ಷೇರಿಗೆ ಎಲ್ಲರಂತೆ. ಕೊಡುತ್ತೇವೆ ಅಂದಿದ್ದರೂ ಇನ್ನೂ ನಿಮ್ಮ ಕೈ ಸೇರದ ಷೇರುಗಳ ಗತಿ ಒಪ್ಪಂದದಲ್ಲಿ ಬೇರೆಯೇ ಬರೆದಿರುತ್ತದೆ. ಹೊಸ ಕಂಪನಿಯ ಷೇರಾಗಿ ಬದಲಾಗಬಹುದು, ಹಣವಾಗಬಹುದು, ರದ್ದೂ ಆಗಬಹುದು. ಷೇರು ಆಯ್ಕೆಯಲ್ಲಿ ಗೊತ್ತಾದ ಕೊಳ್ಳುವ ಬೆಲೆ ಆಫರ್ ಬೆಲೆಗಿಂತ ಮೇಲಿದ್ದರೆ ಸಾಮಾನ್ಯವಾಗಿ ಕೈಗೆ ಏನೂ ಬರುವುದಿಲ್ಲ.

ಮೋಸ: ಡೀಲ್ ಸುದ್ದಿ ಬಂದ ವಾರವೇ ಫೋನ್‌ಗಳು ಶುರುವಾಗುತ್ತವೆ. "ನಿಮ್ಮ ಷೇರಿನ ಹಣ ಬಿಡುಗಡೆಗೆ ಶುಲ್ಕ ಕಟ್ಟಿ." ನಿಜವಾದ ಡೀಲ್‌ನಲ್ಲಿ ನಿಮಗೆ ಹಣ ಬರಲು ನೀವು ಮೊದಲು ಹಣ ಕಳಿಸಬೇಕಾಗಿಲ್ಲ. ಹಾಗೆಯೇ ಯಾರೋ ಮೂರನೆಯವರು ಮಾರುಕಟ್ಟೆಗಿಂತ ಕಮ್ಮಿ ಬೆಲೆಗೆ ಆಫರ್ ಕಾಗದ ಕಳಿಸುವುದೂ ಇದೆ. ನೋಡಲು ಅಸಲಿಯಂತೆಯೇ ಇರುತ್ತದೆ. ಸಹಿ ಹಾಕುವ ಮೊದಲು ಆ ದಿನದ ಬೆಲೆ ನೋಡಿ.

ಹಳೇ ಸರ್ಟಿಫಿಕೇಟ್ ಸಿಕ್ಕರೆ

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ, ವಿಮೆ ರಸೀದಿಗಳ ಅಡಿಯಲ್ಲಿ, 40 ಷೇರಿನ ಒಂದು ಸರ್ಟಿಫಿಕೇಟ್ ಸಿಕ್ಕಿತು. ಅಂಚು ಹಳದಿಯಾಗಿತ್ತು. ಆ ಹೆಸರಿನ ಕಂಪನಿ ಈಗ ಇಲ್ಲ. ಅಣ್ಣ ಎಸೆಯಲು ಹೊರಟಿದ್ದ. "ತಾಳೋ, ಕಂಪನಿ ಸತ್ತಿಲ್ಲ, ಯಾರೋ ನುಂಗಿರಬಹುದು" ಅಂತ ಕಿತ್ತುಕೊಂಡೆ.

ಹುಡುಕುವ ದಾರಿ ಇಷ್ಟು. ಸರ್ಟಿಫಿಕೇಟ್ ಮೇಲಿರುವ ಪೂರ್ತಿ ಹೆಸರು, ಫೋಲಿಯೊ (ಷೇರುದಾರರ ಖಾತೆ) ಸಂಖ್ಯೆ, ಕೆಳಗೆ ಅಚ್ಚಾದ ರಿಜಿಸ್ಟ್ರಾರ್ ಹೆಸರು ಬರೆದುಕೊಳ್ಳಿ. ಸರ್ಕಾರದ ಕಂಪನಿ ನೋಂದಣಿ ದಾಖಲೆಯಲ್ಲಿ ಆ ಹೆಸರು ಹಾಕಿದರೆ ಹೆಸರು ಬದಲಾಗಿದೆಯಾ, ವಿಲೀನವಾಗಿದೆಯಾ ಗೊತ್ತಾಗುತ್ತದೆ. ವಿಲೀನವಾಗಿದ್ದರೆ ಯಾವ ಕಂಪನಿಗೆ, ಯಾವ ವರ್ಷ, ಎಷ್ಟಕ್ಕೆ ಎಷ್ಟು ಅಂತ ಹುಡುಕಿ. ಆ ಕಂಪನಿಯನ್ನೂ ಬೇರೆಯವರು ನುಂಗಿದ್ದರೆ ಮತ್ತೆ ಅದೇ ಕೆಲಸ. ಕೊನೆಗೆ ಬದುಕಿರುವ ಕಂಪನಿ ಸಿಕ್ಕಾಗ ಅದರ ಈಗಿನ ರಿಜಿಸ್ಟ್ರಾರ್‌ಗೆ ಬರೆಯಿರಿ. ವರ್ಷಗಟ್ಟಲೆ ಯಾರೂ ಕೇಳದಿದ್ದರೆ ಷೇರು, ಡಿವಿಡೆಂಡ್ ಎರಡೂ ಸರ್ಕಾರಿ ನಿಧಿಗೆ ಹೋಗಿರಬಹುದು. ಆದರೆ ವಾಪಸ್ ಕೇಳಲು ದಾರಿ ಇರುತ್ತದೆ.

ನಮ್ಮದರಲ್ಲಿ ಎರಡು ವಿಲೀನ ಆಗಿತ್ತು. ಮೊದಲನೆಯದರಲ್ಲಿ 5ಕ್ಕೆ 2, ಅಂದರೆ 40 ಹೋಗಿ 16. ಎರಡನೆಯದರಲ್ಲಿ 2ಕ್ಕೆ 3, ಅಂದರೆ 24. ನಡುವೆ ಬಂದ ಡಿವಿಡೆಂಡ್ ಯಾರೂ ಬಿಡಿಸಿಕೊಂಡಿಲ್ಲ. ಲೆಕ್ಕವೆಲ್ಲ ಒಂದು ಹಾಳೆಯಲ್ಲಿ ಬರೆದು, ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಕಾಗದ ಎಲ್ಲ ಸೇರಿಸಿ ಕಳಿಸಿದೆ. ಎರಡು ತಿಂಗಳ ನಂತರ ಉತ್ತರ ಬಂತು. ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರಿನ ಮುಂದೆ ಒಂದು ಇನಿಷಿಯಲ್ ಇದೆ, ಮರಣ ಪ್ರಮಾಣಪತ್ರದಲ್ಲಿ ಎರಡು ಇದೆ, ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಕೊಡಿ. ಇಂಥ ಪತ್ರಗಳನ್ನು ನಾನೇ ಎಷ್ಟು ಜನಕ್ಕೆ ಕಳಿಸಿದ್ದೆನೋ! ಅಣ್ಣ ನಗುತ್ತಿದ್ದಾನೆ. ಸೋಮವಾರ ನೋಟರಿ ಹತ್ತಿರ ಹೋಗಬೇಕು.